ಗಾದಿಯ ಕಲೆ, ಕೌದಿಯ ಬಣ್ಣ



ಬನದ ಹುಣ್ಣಿಮೆ ಬಂತೆಂದರೆ ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ಜಾತ್ರೆ. ತೇರು ಎಳೆದ ಮೇಲೂ ಸುಮಾರು ಒಂದು ತಿಂಗಳು ನಡೆಯುವ ಈ ಜಾತ್ರೆ ನಾಟಕ ಕಂಪನಿಗಳಿಗೆ, ಬಾಗಿಲು ಚೌಕಟ್ಟುಗಳ ವ್ಯಾಪಾರಕ್ಕೆ ಹೆಸರಾದದ್ದು. ದೂರದ ಊರುಗಳಿಂದ ಬರುವ ಕುಟುಂಬಗಳು ರೊಟ್ಟಿ ಬುತ್ತಿಯ ಜೊತೆಗೆ ಕೌದಿಯನ್ನೂ ಕಟ್ಟಿಕೊಂಡು ಬರುತ್ತವೆ. ಅದರ ಮೇಲೆಯೇ ಊಟ, ಅದರ ಮೇಲೆಯೇ ನಿದ್ದೆ. ಎಣ್ಣೆಗಾಯಿಯ ಎಣ್ಣೆ, ದೇವಿಯ ಅರಿಶಿನ ಕುಂಕುಮ, ಎಳೆಮಗುವಿನ ಮೂತ್ರ, ಇವೆಲ್ಲ ಊರಿಗೆ ಮರಳುವಷ್ಟರಲ್ಲಿ ಬಟ್ಟೆಯ ಮೇಲೆ ತಮ್ಮ ಗುರುತು ಉಳಿಸಿರುತ್ತವೆ. ಕೌದಿಯಾಗಲಿ, ಮನೆಯ ಗಾದಿಯಾಗಲಿ, ಬಟ್ಟೆ ಕೆಡದಂತೆ ಈ ಗುರುತುಗಳನ್ನು ತೆಗೆಯುವುದು ಹೇಗೆಂಬುದೇ ಇಂದಿನ ಮಾತಿನ ವಿಷಯ.

ಇದು ಅಡುಗೆಮನೆಯ ಮಾತು, ತಮಗೇಕೆ ಎಂದು ಹುಡುಗರು ಎದ್ದು ಹೋಗಬೇಕಾಗಿಲ್ಲ. ನೀವು ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಓದುವ ರಸಾಯನಶಾಸ್ತ್ರದ ಬಹುಪಾಲು ಈ ಒಂದು ಗಾದಿಯ ಮೇಲೆ ಬಿದ್ದುಕೊಂಡಿದೆ. ಕಲೆ ಎಂದರೆ ಒಂದು ವಸ್ತು ಇನ್ನೊಂದು ವಸ್ತುವಿನ ನೂಲಿಗೆ ಅಂಟಿಕೊಂಡಿರುವುದು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ಅಂಟಿದ್ದು ಏನು? ಅಂಟಿರುವುದು ಯಾವ ನೂಲಿಗೆ? ದೂರದರ್ಶನದ ಜಾಹೀರಾತುಗಳಲ್ಲಿ ಈ ಪ್ರಶ್ನೆಗಳೇ ಬರುವುದಿಲ್ಲ. ಅಲ್ಲಿ ಒಂದೇ ಪುಡಿ ಎಲ್ಲ ಕಲೆಗಳನ್ನೂ ಎರಡು ಸೆಕೆಂಡಿನಲ್ಲಿ ಅಳಿಸಿಬಿಡುತ್ತದೆ. ಈ ಕಸುಬಿನಲ್ಲಿರುವವನಾಗಿ ಹೇಳುತ್ತೇನೆ, ಆ ಎರಡು ಸೆಕೆಂಡು ಪುಡಿಯದಲ್ಲ, ಸಂಕಲನಕಾರನ ಕತ್ತರಿಯದು.

ಮೊದಲು ನೂಲಿನ ಮಾತು. ನಮ್ಮ ಕಡೆಯ ಕೌದಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದದ್ದು. ಅಜ್ಜಿಯ ಇಳಕಲ್ ಸೀರೆ ಅದರಲ್ಲಿ ಇದ್ದೇ ಇರುತ್ತದೆ. ಇಳಕಲ್ ಸೀರೆಯ ವಿಶೇಷ ನೋಡಿ: ಮೈ ಸಾಮಾನ್ಯವಾಗಿ ಹತ್ತಿಯದು, ಟೋಪ್ ತೆನಿಯ ಕೆಂಪು ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಅಂದರೆ ಒಂದೇ ಕೌದಿಯಲ್ಲಿ ಮೂರು ಸ್ವಭಾವದ ನೂಲು ಇರಬಹುದು. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಕೃತಕ ರೇಷ್ಮೆ ಎಂದು ಕರೆಯುವ ರೇಯಾನ್ ಒದ್ದೆಯಾದರೆ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹತ್ತಿಯನ್ನು ಉಜ್ಜಿದ ಹಾಗೆ ಅದನ್ನು ಉಜ್ಜಿದರೆ ಕಲೆಗಿಂತ ಮೊದಲು ಸೆರಗೇ ಹರಿಯುತ್ತದೆ. ನಿಜವಾದ ರೇಷ್ಮೆ ಪ್ರೋಟೀನಿನಿಂದಾದದ್ದು. ಬ್ಲೀಚಿಂಗ್ ಪೌಡರ್ ಹತ್ತಿಗೆ ಹಾಕಿದಂತೆ ಇದಕ್ಕೆ ಹಾಕಿದರೆ ಎಳೆಯೇ ಕರಗತೊಡಗುತ್ತದೆ. ಯಾವ ನೂಲೆಂದು ತಿಳಿಯದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಹಿರಿಯರ ಎದುರಿನಲ್ಲಿ, ಚಿಮುಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಮತ್ತು ರೇಯಾನ್ ಕಾಗದ ಸುಟ್ಟ ವಾಸನೆ ಕೊಡುತ್ತವೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಈಗ ಕಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಚ್ಚಿಡಲ್ಪಡುವ ಕಲೆಯಿಂದ ಆರಂಭಿಸೋಣ. ಅದು ರಕ್ತದ್ದು. ಹಾಸ್ಟೆಲಿನಲ್ಲಿರುವ ಹುಡುಗಿಗೆ ರಾತ್ರಿ ಮುಟ್ಟಾಗಿ ಗಾದಿಗೆ ಕಲೆ ತಗಲಿತೆನ್ನಿ. ಬೆಳಗಾಗುವುದರೊಳಗೆ ಯಾರೂ ನೋಡಬಾರದೆಂದು ಅವಳು ಬಿಸಿನೀರು ತಂದು, ಸೋಪು ಹಚ್ಚಿ, ಬ್ರಷ್ಷಿನಿಂದ ಉಜ್ಜುತ್ತಾಳೆ. ಕಲೆ ಕಂದಾಗಿ ಕೂತುಬಿಡುತ್ತದೆ. ತಪ್ಪು ಎಲ್ಲಿ? ರಕ್ತದಲ್ಲಿ ಪ್ರೋಟೀನುಗಳಿವೆ. ಮೊಟ್ಟೆಯ ಬಿಳಿಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೆಪ್ಪುಗಟ್ಟುವುದನ್ನು ನೀವು ಕಂಡಿದ್ದೀರಿ. ಹೆಪ್ಪುಗಟ್ಟಿದ ಬಿಳಿಭಾಗವನ್ನು ನೀರಿನಲ್ಲಿ ಕರಗಿಸಲಾದೀತೇ? ಬಿಸಿನೀರು ಬಿದ್ದ ರಕ್ತವೂ ಹಾಗೆಯೇ ನೂಲಿನೊಳಗೆ ಹೆಪ್ಪುಗಟ್ಟುತ್ತದೆ. ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕಲೆಯ ಮೇಲೆ ಒತ್ತಿ, ಎತ್ತಿ, ಒಣ ಬಟ್ಟೆಯಿಂದ ಹೀರಿಸಿ, ಮತ್ತೆ ಒತ್ತುತ್ತಾ ಹೋದರೆ ಹಸಿ ಕಲೆಯ ಬಹುಪಾಲು ಹೊರಬರುತ್ತದೆ. ನೀರಿಗೆ ಸ್ವಲ್ಪ ಉಪ್ಪು ಹಾಕಿಕೊಳ್ಳಬಹುದು.

ಒಣಗಿದ ಕಲೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಆದೀತು. ನೂರಕ್ಕೆ 3ರಷ್ಟು ಇರುವ ದ್ರಾವಣ ಸಾಕು. ಸೀಸೆಯ ಮೇಲೆ 6 ಎಂದಿದ್ದರೆ ಅಷ್ಟೇ ನೀರು ಬೆರೆಸಿ. ಎರಡು ಹನಿ ಬಿದ್ದೊಡನೆ ಬಿಳಿ ನೊರೆ ಏಳುತ್ತದೆ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಹೀಗಾಗುತ್ತದೆ. ನೊರೆಯನ್ನು ಒರೆಸಿ, ತಣ್ಣೀರಿನ ಬಟ್ಟೆ ಒತ್ತಿ. ಇದು ಬಿಳಿ ಗಾದಿಗೆ ಸರಿ. ಬಣ್ಣದ ಬಟ್ಟೆಯಾದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಹತ್ತು ನಿಮಿಷ ಕಾದು ನೋಡಿ, ಏಕೆಂದರೆ ಪೆರಾಕ್ಸೈಡಿಗೆ ಕಲೆಯ ಬಣ್ಣ ಯಾವುದು, ಸೀರೆಯ ಬಣ್ಣ ಯಾವುದು ಎಂಬ ಭೇದ ಗೊತ್ತಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆ ಹುಡುಗಿಯ ಗಾದಿಯನ್ನು ಕೆಡಿಸಿದ್ದು ರಕ್ತವಲ್ಲ, ನಾಚಿಕೆ ತಂದ ಅವಸರ. ಒದ್ದೆ ಗಾದಿಯನ್ನು ಬಿಸಿಲಿಗೆ ತಂದರೆ ಜನ ನೋಡಿಯಾರೆಂದು ಅದನ್ನು ಹಾಗೆಯೇ ಮಡಿಚಿಟ್ಟರೆ ಒಳಗಿನ ಹತ್ತಿಗೆ ಬೂಷ್ಟು ಹಿಡಿಯುತ್ತದೆ. ಮೂಗಿನಿಂದ ರಕ್ತ ಸುರಿದರೆ ಯಾರೂ ಬಚ್ಚಿಡುವುದಿಲ್ಲ. ಎರಡೂ ರಕ್ತವೇ, ಎರಡಕ್ಕೂ ಅದೇ ತಣ್ಣೀರು. ಹಾಸಿಗೆ ಒದ್ದೆ ಮಾಡುವ ಪುಟ್ಟ ತಮ್ಮನನ್ನು ಊರ ಮುಂದೆ ನಗೆಪಾಟಲು ಮಾಡುವವರಿಗೂ ಈ ಮಾತು ಸಲ್ಲುತ್ತದೆ. ಮಕ್ಕಳು ಅದನ್ನು ಬೇಕೆಂದು ಮಾಡುವುದಿಲ್ಲ.

ಮೂತ್ರದ ವಿಷಯಕ್ಕೆ ಬಂದೆವಾದ್ದರಿಂದ ಅದನ್ನೂ ಮುಗಿಸೋಣ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಪರಿವರ್ತಿಸುತ್ತವೆ. ಮೂಗಿಗೆ ಬಡಿಯುವ ಆ ಘಾಟು ಅದರದೇ. ಅಮೋನಿಯಾ ಪ್ರತ್ಯಾಮ್ಲ. ಆದ್ದರಿಂದ ಮೊದಲು ಒಣ ಬಟ್ಟೆಯಿಂದ ಹೀರಿಸಿ, ಎರಡು ಪಾಲು ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಬೆರೆಸಿ ಒತ್ತಿದರೆ ವಾಸನೆ ತಗ್ಗುತ್ತದೆ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ಕೆಲವು ಗಂಟೆ ಬಿಟ್ಟು ಕೊಡವಿ. ಬ್ಲೀಚಿಂಗ್ ಪೌಡರನ್ನು ಮಾತ್ರ ಇಲ್ಲಿ ಹತ್ತಿರ ತರಬೇಡಿ. ಅಮೋನಿಯಾದೊಡನೆ ಸೇರಿ ಅದು ಕ್ಲೋರಮೀನ್ ಎಂಬ ವಿಷಾನಿಲವನ್ನೂ, ವಿನೆಗರಿನಂಥ ಆಮ್ಲದೊಡನೆ ಸೇರಿ ಕ್ಲೋರಿನ್ ಅನಿಲವನ್ನೂ ಕೊಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇವು ಶ್ವಾಸಕೋಶಕ್ಕೆ ಅಪಾಯ.

ಇನ್ನು ಅರಿಶಿನ. ಬನಶಂಕರಿಯ ಗುಡಿಯ ಎದುರಿನ ಹೊಂಡಕ್ಕೆ ಹರಿದ್ರಾ ತೀರ್ಥವೆಂದು ಹೆಸರು. ಹರಿಶ್ಚಂದ್ರ ತೀರ್ಥ ಎಂಬುದು ಜನರ ಬಾಯಲ್ಲಿ ಹೀಗಾಯಿತು ಎನ್ನುತ್ತಾರೆ. ಸಂಸ್ಕೃತದಲ್ಲಿ ಹರಿದ್ರಾ ಎಂದರೆ ಅರಿಶಿನ ಎಂಬುದಂತೂ ನಿಜ. ಅರಿಶಿನದ ಕಲೆಗೆ ಸೋಪು ಹಚ್ಚಿದೊಡನೆ ಅದು ಕೆಂಪಾಗುವುದನ್ನು ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಅರಿಶಿನದ ಕರ್ಕ್ಯುಮಿನ್ ಒಂದು ಸೂಚಕ. ಆಮ್ಲದಲ್ಲಿ ಹಳದಿ, ಪ್ರತ್ಯಾಮ್ಲದಲ್ಲಿ ಕೆಂಪು. ಸುಣ್ಣ ಬೆರೆಸಿ ಅರಿಶಿನದಿಂದಲೇ ಕುಂಕುಮ ಮಾಡುವುದು ಈ ಗುಣದಿಂದಲೇ. ನಿಮ್ಮ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಮುಗಿದಿದ್ದರೆ ಅರಿಶಿನ ಸವರಿದ ಕಾಗದ ಬಳಸಿ ನೋಡಿ. ಸೋಪು ಹೋಗುವವರೆಗೆ ನೀರಿನ ಬಟ್ಟೆ ಒತ್ತಿದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಉಳಿದ ಹಳದಿಯನ್ನು ತೆಗೆಯುವವನು ಸೂರ್ಯ. ಬೆಳಕಿಗೆ ಕರ್ಕ್ಯುಮಿನ್ ಒಡೆದುಹೋಗುತ್ತದೆ; ಒಂದೆರಡು ದಿನ ಒಳ್ಳೆಯ ಬಿಸಿಲು ಕಂಡ ಹತ್ತಿ ಗಾದಿಯಲ್ಲಿ ಅದು ತಾನಾಗಿಯೇ ಮಾಸುತ್ತದೆ. ಜಾತ್ರೆಯ ಕಾಲದ ಬಾದಾಮಿಯ ಬಿಸಿಲಿಗೆ ಕಾಸಿನ ಖರ್ಚಿಲ್ಲ. ಸೆರಗಿನ ಕೆಂಪು ಬಣ್ಣವಿರುವ ಭಾಗವನ್ನು ಮಾತ್ರ ಒಳಮಗ್ಗುಲಾಗಿ ಮಡಿಚಿ, ಅದೂ ಮಾಸೀತು.

ಎಣ್ಣೆ ಬಿದ್ದರೆ ನೀರು ಹಾಕುವ ಮೊದಲು ಕಡಲೆಹಿಟ್ಟು ಅಥವಾ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಅರ್ಧ ಗಂಟೆ ಹೀರಲು ಬಿಡಿ. ಉಳಿದದ್ದಕ್ಕೆ ಪಾತ್ರೆ ತೊಳೆಯುವ ಸಾಬೂನಿನ ನೊರೆ ಸಾಕು. ಮಲಗಿ ಓದುವವರ ಬಾಲ್ ಪೆನ್ ಶಾಯಿ ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟಿಗೆ ಬಗ್ಗುತ್ತದೆ. ಹತ್ತಿಯ ಉಂಡೆಗೆ ಸ್ಪಿರಿಟ್ ಹಚ್ಚಿ ಒತ್ತುತ್ತಾ, ಉಂಡೆಯನ್ನು ಬದಲಿಸುತ್ತಾ ಹೋಗಿ. ದೀಪ, ಒಲೆ ಹತ್ತಿರ ಇರಬಾರದು.

ಯಾವ ಕಲೆಯಾದರೂ ಕೈ ಹೊರಗಿನಿಂದ ಒಳಕ್ಕೆ ಸಾಗಲಿ. ನಡುವೆ ನೀರು ಸುರಿದರೆ ಅದು ನೂಲುಗುಂಟ ಹೊರಕ್ಕೆ ಹರಿದು, ಕೊಳೆಯನ್ನು ಹೊತ್ತೊಯ್ದು, ಅಂಚಿನಲ್ಲಿ ಇಳಿಸಿ ಆರಿಹೋಗುತ್ತದೆ. ಚಹಾ ಚೆಲ್ಲಿದ ಮೇಜಿನ ಮೇಲೆ ಉಂಗುರ ಮೂಡುವುದನ್ನು ನೋಡಿದ್ದೀರಲ್ಲ? ಅಂಥ ಉಂಗುರ ಏಕೆ ಮೂಡುತ್ತದೆಂದು 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನ ದ್ರವ ಕಣಗಳ ಸಮೇತ ಅಂಚಿಗೆ ಹರಿಯುತ್ತದೆ. ಇಷ್ಟು ಸಣ್ಣ ಸಂಗತಿಗೆ ಅಷ್ಟು ದೊಡ್ಡ ಪತ್ರಿಕೆಯೇ ಎನ್ನಬೇಡಿ. ಮುದ್ರಣದ ಶಾಯಿ, ಬಣ್ಣ ಬಳಿಯುವ ಕೆಲಸಗಳಿಗೆಲ್ಲ ಈ ತಿಳಿವು ಬೇಕು.

ಕೌದಿಯನ್ನಾದರೆ ಹೊಳೆಯಲ್ಲಿ ಅದ್ದಿ ತೊಳೆಯಬಹುದು, ಗಾದಿಯನ್ನು ಅದ್ದುವಂತಿಲ್ಲ. ಒಳಗಿನ ಹತ್ತಿ ನೀರು ಕುಡಿದರೆ ಗಂಟು ಗಂಟಾಗಿ, ಪಿಂಜಾರರನ್ನು ಕರೆದು ಮತ್ತೆ ಹಿಂಜಿಸಬೇಕಾಗುತ್ತದೆ. ಹೀಗಾಗಿ ಮೇಲಿನ ಬಟ್ಟೆ ಮಾತ್ರ ತೇವವಾಗುವಷ್ಟು ನೀರು ಬಳಸಿ, ಅದೇ ದಿನ ಬೆಳಗ್ಗೆಯೇ ಕೆಲಸ ಮುಗಿಸಿ, ಗಾದಿಯನ್ನು ಗೋಡೆಗೆ ಒರಗಿಸಿ ಎರಡೂ ಮಗ್ಗುಲು ಒಣಗಿಸಿ. ಫೋಮಿನ ಗಾದಿಯಾದರೆ ಗಾಳಿಯಾಡುವ ನೆರಳು ಮೇಲು, ಬಿಸಿಲಿಗೆ ಫೋಮ್ ಹಳದಿಯಾಗುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಒಂದು ಒಣ ಕಾಗದವನ್ನು ಕಲೆಯಿದ್ದ ಜಾಗದಲ್ಲಿಟ್ಟು, ಮೇಲೆ ಒಂದು ದಪ್ಪ ಪುಸ್ತಕ ಹೇರಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಾಗದ ಮೆತ್ತಗಾಗಿದ್ದರೆ ಗಾದಿಗೆ ಇನ್ನೊಂದು ದಿನದ ಬಿಸಿಲು ಬೇಕು.