ಪ್ರೊರೋಗ್: ಕೇಳಿಕೆ ಅಪ್ಪಣೆಯಾದ ಕಥೆ



ಈ ಸಂಜೆಯ ಮಾತಿಗೆ ನಾನು ಆರಿಸಿಕೊಂಡಿರುವುದು ‘ಪ್ರೊರೋಗ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು. ಇಂದು ಇದರ ಬಳಕೆ ಹೆಚ್ಚುಕಡಿಮೆ ಒಂದೇ: ಶಾಸನಸಭೆಯ ಅಧಿವೇಶನಕ್ಕೆ ತೆರೆ ಎಳೆಯುವುದು. ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಲಾಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಸಭಾಧ್ಯಕ್ಷರ ಕೆಲಸ. ಪ್ರೊರೋಗ್ ಮಾಡುವವರು ರಾಷ್ಟ್ರಪತಿ, ರಾಜ್ಯದಲ್ಲಾದರೆ ರಾಜ್ಯಪಾಲರು; ಸಂವಿಧಾನದ 85 ಮತ್ತು 174ನೇ ವಿಧಿಗಳ ಪ್ರಕಾರ. ಸಲಹೆ ಮಾತ್ರ ಮಂತ್ರಿಮಂಡಲದ್ದು. ವಿಸರ್ಜನೆಯಾದರೆ ಚುನಾವಣೆ ಬರುತ್ತದೆ. ಪ್ರೊರೋಗ್ ಆದರೆ ಶಾಸಕರ ಸ್ಥಾನಕ್ಕೆ ಏನೂ ಆಗುವುದಿಲ್ಲ.

ಪದದ ಬೇರು ಲ್ಯಾಟಿನ್ನಿನ ‘ರೊಗಾರೆ’. ಕೇಳುವುದು ಎಂದರ್ಥ. ರೋಮ್‌ನಲ್ಲಿ ಕಾನೂನು ಮಾಡುವುದೆಂದರೆ ಜನಸಭೆಯನ್ನು ‘ಒಪ್ಪುತ್ತೀರಾ’ ಎಂದು ಕೇಳುವುದು. ಕ್ರಿಸ್ತಪೂರ್ವ 326ರಲ್ಲಿ ನೇಪಲ್ಸ್ ಮುತ್ತಿಗೆ ಮುಗಿಯುವ ಮುನ್ನವೇ ರೋಮ್‌ನ ಉನ್ನತ ಅಧಿಕಾರಿಯಾದ ಕಾನ್ಸಲ್ ಪಬ್ಲಿಲಿಯಸ್ ಫಿಲೋನ ಅವಧಿ ತೀರಿತು. ಯುದ್ಧ ಮುಗಿಯುವವರೆಗೆ ಅವನೇ ದಂಡನಾಯಕನಾಗಿರಲಿ ಎಂದು ಜನರ ಒಪ್ಪಿಗೆ ಕೇಳಲಾಯಿತೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಹೀಗೆ ಕೇಳಿ ಅವಧಿ ಬೆಳೆಸುವುದೇ ‘ಪ್ರೊರೊಗಾರೆ’.

ಫ್ರೆಂಚ್ ದಾರಿಯಾಗಿ 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ‘ಬೆಳೆಸು’ ಎಂಬ ಅರ್ಥ ಜೊತೆಗಿತ್ತು. ಬೆಳೆಸುವುದರಿಂದ ಮುಂದಕ್ಕೆ ಹಾಕುವುದು, ಮುಂದಕ್ಕೆ ಹಾಕುವುದರಿಂದ ನಿಲ್ಲಿಸುವುದು: ಅರ್ಥ ತಿರುಗಿದ್ದು ಹೀಗೆ. ಕೇಳಬೇಕಾಗಿದ್ದ ಜನರು ಮರೆಯಾಗಿ ದೊರೆಯ ಅಪ್ಪಣೆಯಷ್ಟೇ ಉಳಿಯಿತು. ದೊರೆಯ ಈ ವಿಶೇಷಾಧಿಕಾರವನ್ನು ‘ಪ್ರೆರಾಗಟಿವ್’ ಎನ್ನುತ್ತಾರೆ. ಅದೂ ಇದೇ ಬೇರಿನದು. ರೋಮ್‌ನಲ್ಲಿ ಎಲ್ಲರಿಗಿಂತ ಮೊದಲು ಮತ ಕೇಳಲಾಗುತ್ತಿದ್ದ ಗುಂಪಿಗೆ ಆ ಹೆಸರಿತ್ತು.

2019ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಈ ಪದವನ್ನು ಬೀದಿಬೀದಿಯಲ್ಲಿ ಚರ್ಚಿಸಿತು. ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟವನ್ನು ತೊರೆಯುವ ಗಡುವು ಹತ್ತಿರವಿದ್ದಾಗ ಪ್ರಧಾನಿ ಬೋರಿಸ್ ಜಾನ್ಸನ್ ಸಲಹೆಯಂತೆ ರಾಣಿ ಸಂಸತ್ತನ್ನು ಸುಮಾರು ಐದು ವಾರ ಪ್ರೊರೋಗ್ ಮಾಡಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಅದನ್ನು ಅನೂರ್ಜಿತಗೊಳಿಸಿದರು. ತಕ್ಕ ಕಾರಣವಿಲ್ಲದೆ ಸಂಸತ್ತು ತನ್ನ ಕೆಲಸ ಮಾಡದಂತೆ ತಡೆಯಲಾಗದು ಎಂಬುದು ತೀರ್ಪಿನ ಸಾರ. ಮರುದಿನವೇ ಸದನ ಸೇರಿತು.

ನಮ್ಮಲ್ಲಿ ಪ್ರೊರೋಗಿನ ತಿರುಳು ಇನ್ನೊಂದು ಕಡೆ, ಸುಗ್ರೀವಾಜ್ಞೆಯಲ್ಲಿ, ಇದೆ. ಬ್ರಿಟನ್ನಿನಲ್ಲಿ ಪ್ರೊರೋಗ್ ಆದರೆ ಬಾಕಿ ಮಸೂದೆಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ನಮ್ಮ 107ನೇ ವಿಧಿ ಅವನ್ನು ಉಳಿಸುತ್ತದೆ. ಆದರೆ ಸಂಸತ್ತಿನ ಎರಡೂ ಸದನಗಳು ಅಧಿವೇಶನದಲ್ಲಿದ್ದರೆ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಸದನವನ್ನು ಬರೀ ಮುಂದೂಡಿದರೆ ಅಧಿವೇಶನ ಮುಗಿದಂತಲ್ಲ. ಆದ್ದರಿಂದ 2015ರ ಮಾರ್ಚಿನಲ್ಲಿ, ಬಜೆಟ್ ಅಧಿವೇಶನದ ಬಿಡುವಿನಲ್ಲಿ, ರಾಜ್ಯಸಭೆಯನ್ನು ಪ್ರೊರೋಗ್ ಮಾಡಿ, ಏಪ್ರಿಲ್ ಮೊದಲಲ್ಲೇ ಭೂಸ್ವಾಧೀನ ಸುಗ್ರೀವಾಜ್ಞೆಯನ್ನು ಮತ್ತೆ ಹೊರಡಿಸಲಾಯಿತು. ಸುಗ್ರೀವಾಜ್ಞೆಗಾಗಿ ಒಂದು ಸದನವನ್ನು ಪ್ರೊರೋಗ್ ಮಾಡುವುದಕ್ಕೆ ಸಂವಿಧಾನದಲ್ಲಿ ನೇರ ಅಡ್ಡಿಯಿಲ್ಲ.

ಆದರೂ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು, ಸುಗ್ರೀವಾಜ್ಞೆ ಕೊನೆಗೆ ಸದನದ ಮುಂದೆ ಬರಲೇಬೇಕು ಎಂದು ಅದೇ ಸಂವಿಧಾನ ಕಟ್ಟುಮಾಡಿದೆ. ಅಪ್ಪಣೆ ಎಷ್ಟೇ ದೊಡ್ಡದಿರಲಿ, ಜನರ ಪ್ರತಿನಿಧಿಗಳನ್ನು ಕೇಳದೆ ಬಹುಕಾಲ ನಡೆಯಲಾಗದು. ಈ ಪದ ಮರೆತ ಮಾತನ್ನು ನಮ್ಮ ಕಾನೂನು ಮರೆತಿಲ್ಲ. ನಾವೂ ಮರೆಯದಿದ್ದರೆ ಸಾಕು.