ವಾಪಸ್ ಬರ್ತೀಯ ಅನ್ನೋದಕ್ಕೆ ಏನು ಗ್ಯಾರಂಟಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಇವತ್ತು ನನ್ನನ್ನು ಕರೆದದ್ದು ಬೇರೆ ವಿಷಯ ಮಾತಾಡೋಕೆ. ಆದರೆ ಬೆಳಗ್ಗೆ ಇಲ್ಲಿಗೆ ಬಂದ ಕೂಡಲೆ ಬಾಲಕಿಯರ ಹಾಸ್ಟೆಲ್ಲಿನ ಒಬ್ಬ ತಂಗಿ ಒಂದು ಕಾಗದ ತೋರಿಸಿದಳು. ಜಿನೀವಾದಲ್ಲಿ ನಡೆಯುವ ಯುವಜನರ ಸಮ್ಮೇಳನಕ್ಕೆ ಆಹ್ವಾನ. ಇನ್ನು ಎರಡು ತಿಂಗಳಿದೆ. ಟಿಕೆಟ್ಟು, ಊಟ, ವಸತಿ ಎಲ್ಲ ಕರೆದವರದೇ. ಓದಿ ಸಂತೋಷ ಆಯ್ತು. "ವೀಸಾಕ್ಕೆ ಅರ್ಜಿ ಹಾಕಿದೀಯಾ?" ಅಂದೆ. "ಇಲ್ಲಣ್ಣ, ಅಕೌಂಟಲ್ಲಿ ಮೂರು ಲಕ್ಷ ತೋರಿಸಬೇಕಂತೆ. ಪೇಟೇಲಿ ಒಬ್ಬ ಏಜೆಂಟು ಒಂದು ವಾರದ ಮಟ್ಟಿಗೆ ದುಡ್ಡು ಹಾಕಿ ತೆಗೀತಾನಂತೆ. ಅದಕ್ಕೆ ಹದಿನೈದು ಸಾವಿರ ಕೇಳ್ತಾನೆ. ಅಪ್ಪ ಹಸು ಮಾರ್ತೀನಿ ಅಂತಿದಾರೆ" ಅಂದಳು.

ಹಾಗಾಗಿ ಆ ಭಾಷಣ ಇನ್ನೊಂದು ದಿನ ಮಾಡ್ತೀನಿ. ಹಸು ಮಾರೋದು ಬೇಡ ಅನ್ನೋದಕ್ಕೇ ಇವತ್ತಿನ ಮಾತು.

ಮೊದಲು ಒಂದು ತಿಳ್ಕೊಳ್ಳಿ. ಪಾಸ್‌ಪೋರ್ಟು ಬೇರೆ, ವೀಸಾ ಬೇರೆ. ಪಾಸ್‌ಪೋರ್ಟು ಕೊಡೋದು ನಮ್ಮ ಸರ್ಕಾರ. ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿ ಹೇಳುವ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದು ಅಂತ ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಹೇಳಿತು. 1978ರ ಮೇನಕಾ ಗಾಂಧಿ ತೀರ್ಪು ಅದನ್ನು ಇನ್ನೂ ಗಟ್ಟಿ ಮಾಡಿತು. ಕಾರಣ ಇಲ್ಲದೆ ಪಾಸ್‌ಪೋರ್ಟು ಕೊಡಲ್ಲ ಅಂದ್ರೆ ಜಗಳ ಆಡಬಹುದು, ಕೋರ್ಟಿಗೆ ಹೋಗಬಹುದು. ವೀಸಾ ಹಾಗಲ್ಲ. ಅದು ಇನ್ನೊಬ್ಬರ ಮನೆ ಬಾಗಿಲು. ಪಾಸ್‌ಪೋರ್ಟು ನಮ್ಮ ಹಕ್ಕು, ವೀಸಾ ಅವರ ಮರ್ಜಿ.

ತನ್ನ ಸರ್ಕಾರವೇ ಬಾಗಿಲು ಹಾಕಿದ್ದೂ ಉಂಟು. ಅಮೆರಿಕದ ಕರಿಯರ ದೊಡ್ಡ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ 1946ರಲ್ಲಿ ಬಾಬಾಸಾಹೇಬರು ಒಂದು ಕಾಗದ ಬರೆದಿದ್ದರು. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕು, ನಾವೂ ಹಾಗೆ ಮಾಡುವ ಯೋಚನೆ ಇದೆ ಅಂತ. ಅದೇ ಡು ಬಾಯ್ಸ್‌ಗೆ 1950ರ ದಶಕದಲ್ಲಿ ಅಮೆರಿಕ ಪಾಸ್‌ಪೋರ್ಟು ಕೊಡಲಿಲ್ಲ. 1956ರಲ್ಲಿ ಪ್ಯಾರಿಸ್ಸಿನಲ್ಲಿ ಕರಿಯ ಲೇಖಕರ ಸಮ್ಮೇಳನ ನಡೆದಾಗ, ಯಾಕೆ ಬರಲಾಗಲಿಲ್ಲ ಅಂತ ಆ ವಯಸ್ಸಾದ ಮನುಷ್ಯ ಸಂದೇಶ ಕಳಿಸಬೇಕಾಯ್ತು. ಯಾರನ್ನು ಸಭೆಗೆ ಬಿಡಬಾರದು ಅಂತ ಅಧಿಕಾರದಲ್ಲಿರೋರಿಗೆ ಚೆನ್ನಾಗಿ ಗೊತ್ತಿರುತ್ತೆ.

ಈಗ ನನ್ನ ಕಥೆ. 2012ರಲ್ಲಿ ಯುರೋಪಿನ ಒಂದು ಊರಿನ ಸಮ್ಮೇಳನಕ್ಕೆ ನಾನು ಅರ್ಜಿ ಹಾಕಿದೆ. ಆಗ ಸಂಶೋಧನೆ ಮಾಡ್ತಿದ್ದೆ. ಪಾಸ್‌ಬುಕ್ಕಿನಲ್ಲಿ ನಾಲ್ಕು ಸಾವಿರದ ಮುನ್ನೂರು ರೂಪಾಯಿ. ಆಸ್ತಿ ಪತ್ರ ಇದ್ದರೆ ಒಳ್ಳೇದು ಅಂತ ಯಾರೋ ಹೇಳಿದರು. ಅಪ್ಪನ ಹೆಸರಲ್ಲಿದ್ದ ಎರಡು ಎಕರೆ ಗ್ರಾಂಟ್ ಜಮೀನಿನ ಪಹಣಿ ತೆಗೆಸಿ ಆಡಿಟರ್ ಹತ್ರ ಬೆಲೆ ಬರೆಸೋಕೆ ಹೋದೆ. ಆತ ಪಹಣಿ ತಿರುಗಿಸಿ ನೋಡಿ, "ಇದು ಪಿಟಿಸಿಎಲ್ ಜಮೀನು. ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ. ಇದಕ್ಕೇನಪ್ಪ ಬೆಲೆ ಬರೀಲಿ?" ಅಂದ. ನಮ್ಮ ಜಮೀನು ಬಲಾಢ್ಯರ ಪಾಲಾಗದಿರಲಿ ಅಂತಲೇ 1978ರಲ್ಲಿ ಬಂದ ಕಾಯ್ದೆ ಅದು. ಬೇಕಾದ ಕಾಯ್ದೆ. ಆದರೆ ಆ ಮೇಜಿನ ಮೇಲೆ ನಮ್ಮ ಎರಡೆಕರೆಗೆ ಸೊನ್ನೆ ಬೆಲೆ.

ಮೂರು ವಾರಕ್ಕೆ ಪಾಸ್‌ಪೋರ್ಟು ವಾಪಸ್ ಬಂತು, ಜೊತೆಗೊಂದು ಅಚ್ಚು ಹಾಕಿದ ಹಾಳೆ. ಕಾರಣಗಳ ಪಟ್ಟಿ, ಒಂದರ ಮುಂದೆ ಗುರುತು. ವೀಸಾ ಮುಗಿಯುವ ಮುಂಚೆ ನಮ್ಮ ದೇಶ ಬಿಟ್ಟು ಹೋಗುವ ನಿಮ್ಮ ಇರಾದೆ ಖಾತ್ರಿಯಾಗಲಿಲ್ಲ ಅನ್ನೋದು ಅದರ ಅರ್ಥ. ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ವಾಪಸ್ ಬರಲ್ಲ ಅಂದ್ರಾ? ನಿನ್ ಬಟ್ಟೆಯೆಲ್ಲ ಇಲ್ಲೇ ಐತಲ್ಲೋ" ಅಂದ್ರು.

ನಗಬೇಡಿ. ಆ ಪ್ರಶ್ನೆಯಲ್ಲೇ ಎಲ್ಲ ಇದೆ. ವೀಸಾ ಕೊಡೋರು ಕೇಳೋದು ನೀನು ಒಳ್ಳೆಯವನಾ ಅಂತಲ್ಲ, ನಿನ್ನನ್ನು ನಿನ್ನೂರಿಗೆ ಕಟ್ಟಿಹಾಕಿರೋದು ಏನು ಅಂತ. ಅವರ ಲೆಕ್ಕದಲ್ಲಿ ಕಟ್ಟಿಹಾಕೋದು ಅಂದರೆ ಜಮೀನು, ಮನೆ, ಬ್ಯಾಂಕಿನ ದುಡ್ಡು, ವ್ಯಾಪಾರ. ಜಾತಿ ನಮ್ಮಿಂದ ಏನೇನು ಕಿತ್ತುಕೊಂಡಿತೋ ಅದರದೇ ಪಟ್ಟಿ! ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಮು ಇನ್ನೂ ಖಡಾಖಂಡಿತ. ಭೇಟಿಗೆ ಬರ್ತೀನಿ ಅನ್ನೋನು ಅಲ್ಲೇ ಉಳಿಯೋಕೆ ಬಂದವನು ಅಂತಲೇ ಅದು ಮೊದಲು ಭಾವಿಸುತ್ತೆ. ಅಲ್ಲ ಅಂತ ತೋರಿಸೋದು ನಮ್ಮ ಜವಾಬ್ದಾರಿ.

ಬಾಬಾಸಾಹೇಬರು 1930ರ ದಶಕದಲ್ಲಿ ತಮ್ಮ ಅನುಭವದ ಸಣ್ಣ ಬರಹಕ್ಕೆ 'ವೇಟಿಂಗ್ ಫಾರ್ ಎ ವೀಸಾ' ಅಂತ ಹೆಸರಿಟ್ಟರು. ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ. ಹೆಸರು ನೋಡಿ ವಿದೇಶ ಪ್ರವಾಸದ ಕಥೆ ಅಂದ್ಕೊಂಡರೆ ಒಳಗಿರೋದು ಮಸೂರು ಸ್ಟೇಷನ್ನಿನಲ್ಲಿ ಎತ್ತಿನ ಗಾಡಿ ಸಿಗದ ಮಕ್ಕಳ ಕಥೆ, ಬರೋಡಾದಲ್ಲಿ ತಂಗೋಕೆ ಕೋಣೆ ಸಿಗದ ಕಥೆ. ನ್ಯೂಯಾರ್ಕಿನಲ್ಲಿ, ಲಂಡನ್ನಿನಲ್ಲಿ ಓದಿ ಬಂದವರಿಗೆ ಸ್ವಂತ ದೇಶದ ಊರಿನೊಳಕ್ಕೆ ಹೋಗೋಕೆ ಪರವಾನಗಿ ಬೇಕಾಗಿತ್ತು. ನಮಗೆ ಈಗ ಎರಡೂ ಕಡೆ ಕಾಯೋ ಕೆಲಸ.

ಇಷ್ಟು ಒದ್ದಾಡಿ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ಡರ್ಬನ್ ನೆನಪು ಮಾಡಿಕೊಳ್ಳಿ. ಒಂದು ಕಾಲದಲ್ಲಿ ಭಾರತದ ಪಾಸ್‌ಪೋರ್ಟು ದಕ್ಷಿಣ ಆಫ್ರಿಕಾಕ್ಕೆ ನಡೀತಿರಲಿಲ್ಲ, ಅಲ್ಲಿ ವರ್ಣಭೇದ ಇದೆ ಅಂತ ನಮ್ಮ ಸರ್ಕಾರವೇ ತಡೆದಿತ್ತು. ಅದೇ ದೇಶದ ಡರ್ಬನ್ನಿನಲ್ಲಿ 2001ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ, ನೂರಕ್ಕೂ ಹೆಚ್ಚು ದಲಿತ ಪ್ರತಿನಿಧಿಗಳು ಹೋದರು. ಜಾತಿ ಅಂದರೆ ಜನಾಂಗವಲ್ಲ, ಇಲ್ಲಿ ಅದರ ಮಾತು ಬೇಡ ಅಂತ ನಮ್ಮ ಸರ್ಕಾರ ಪಟ್ಟು ಹಿಡಿಯಿತು. ಕೊನೆಯ ದಾಖಲೆಯಲ್ಲಿ ಜಾತಿ ಬರಲಿಲ್ಲ. ಸೋತೆವು ಅನ್ನಿ. ಆದರೆ ಮರುವರ್ಷ, 2002ರಲ್ಲಿ, ಜನಾಂಗಭೇದ ನಿವಾರಣೆಯ ವಿಶ್ವಸಂಸ್ಥೆ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ, 1965ರ ಒಪ್ಪಂದದಲ್ಲಿರುವ ವಂಶ ಅನ್ನೋ ಮಾತಿನೊಳಗೆ ಜಾತಿಯೂ ಸೇರುತ್ತೆ ಅಂತ ಬರೆಯಿತು. ಅದು ಬರೆದದ್ದು ಇದೇ ಜಿನೀವಾದಲ್ಲಿ. ನಮ್ಮವರು ಅಲ್ಲಿ ಹೋಗಿ ಕೂತು ಮಾತಾಡದೇ ಇದ್ದಿದ್ರೆ ನಮ್ಮ ಬಗ್ಗೆ ಬೇರೆ ಯಾರೋ ಮಾತಾಡಿ ಕಾಫಿ ಕುಡಿದು ಬರ್ತಿದ್ರು.

ಈಗ ಈ ತಂಗಿಯ ಕಾಗದದ ವಿಷಯಕ್ಕೆ ಬರೋಣ. ಸ್ವಿಟ್ಜರ್ಲೆಂಡು 2008ರಿಂದ ಷೆಂಗೆನ್ ಒಕ್ಕೂಟದ ವೀಸಾಕ್ಕೆ ಸೇರಿದೆ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಸಂದೇಹ ಬಂದರೆ 45 ದಿನದ ತನಕ ಎಳೀಬಹುದು. ಅರುವತ್ತರಲ್ಲಿ ನಲವತ್ತೈದು ಕಳೀರಿ. ಇವಳ ಕೈಯಲ್ಲಿರೋದು ಎರಡು ವಾರ ಅಷ್ಟೆ.

ಶುಲ್ಕ 2024ರ ಜೂನ್‌ನಿಂದ 90 ಯೂರೋ. ಆದರೆ ಲಾಭದ ಉದ್ದೇಶವಿಲ್ಲದ ಸಂಘದ ಪ್ರತಿನಿಧಿಯಾಗಿ, ಅಂಥದೇ ಸಂಸ್ಥೆ ನಡೆಸುವ ಸಮ್ಮೇಳನಕ್ಕೆ ಹೋಗುವ, 25 ವರ್ಷ ಮೀರದವರಿಗೆ ಆ ಶುಲ್ಕ ಇಲ್ಲ. ನಿಯಮದಲ್ಲೇ ಇದೆ. ಏಜೆಂಟು ಇದನ್ನ ಹೇಳಲ್ಲ, ಹೇಳಿದರೆ ಅವನಿಗೇನು ಸಿಗುತ್ತೆ? ಇವಳಿಗೆ ಇಪ್ಪತ್ತೊಂದು. ನಮ್ಮ ಸಂಘದ ಪತ್ರ ಇವತ್ತೇ ಕೊಡ್ತೀವಿ. ಅರ್ಜಿ ತಗೊಳ್ಳೋ ಕೇಂದ್ರದ ಸೇವಾ ಶುಲ್ಕ ಬೇರೆ, ಅದನ್ನು ಕಟ್ಟಬೇಕು. 30,000 ಯೂರೋ ತನಕ ಆಸ್ಪತ್ರೆ ಖರ್ಚು ಕೊಡುವ ವಿಮೆಯೂ ಕಡ್ಡಾಯ, ಅದನ್ನು ಇಲ್ಲೇ ಮಾಡಿಸಬಹುದು. ವೀಸಾ ಕೈಗೆ ಬರೋ ತನಕ ದುಡ್ಡು ಕೊಟ್ಟು ಟಿಕೆಟ್ಟು ಕೊಳ್ಳಬೇಡಿ, ಬುಕಿಂಗ್ ಕಾಗದ ಸಾಕು.

ಮೂರು ಲಕ್ಷದ ನಾಟಕ ಬೇಡವೇ ಬೇಡ. ಅವರು ನೋಡೋದು ತಿಂಗಳುಗಟ್ಟಲೆ ಲೆಕ್ಕ. ವಿದ್ಯಾರ್ಥಿವೇತನ ಬಿಟ್ಟು ಬೇರೇನೂ ಕಾಣದ ಖಾತೆಗೆ ಇದ್ದಕ್ಕಿದ್ದಂತೆ ಮೂರು ಲಕ್ಷ ಬಂದು ಕೂತರೆ ಯಾರಿಗಾದರೂ ಅನುಮಾನ ಬರುತ್ತೆ. ಸುಳ್ಳು ಅಂತ ಸಿಕ್ಕಿಬಿದ್ದರೆ ಮುಂದಿನ ಬಾಗಿಲೂ ಮುಚ್ಚುತ್ತೆ. ಖರ್ಚು ಯಾರದು ಅನ್ನೋದು ಕರೆದವರ ಕಾಗದದಲ್ಲಿ ಸ್ಪಷ್ಟವಾಗಿ ಇರಬೇಕು. ಇವಳ ಕಾಗದದಲ್ಲಿ 'ಸಹಾಯ ಮಾಡಲಾಗುವುದು' ಅಂತ ಮಾತ್ರ ಇದೆ. ವಿಮಾನ, ವಸತಿ, ಊಟ, ಎಷ್ಟು ದಿನ ಅಂತ ಬಿಡಿಸಿ ಬರೆಸಿಕೊಳ್ಳಬೇಕು.

ಇನ್ನು ಅವಳನ್ನು ಇಲ್ಲಿಗೆ ಕಟ್ಟಿಹಾಕಿರೋದು ಏನು? ಓದು. ಎರಡನೇ ವರ್ಷದ ಎಂ.ಎ., ಏಪ್ರಿಲ್‌ನಲ್ಲಿ ಪರೀಕ್ಷೆ. ಈ ದಿನದಿಂದ ಈ ದಿನದವರೆಗೆ ರಜೆ ಕೊಟ್ಟಿದೆ, ವಾಪಸ್ ಬಂದು ಪರೀಕ್ಷೆ ಬರೀಬೇಕು ಅಂತ ಪ್ರಿನ್ಸಿಪಾಲರ ಪತ್ರ, ವಿದ್ಯಾರ್ಥಿವೇತನದ ಆದೇಶ, ಹಾಸ್ಟೆಲ್ಲಿನ ಪತ್ರ. ನನಗೆ 2014ರಲ್ಲಿ ವೀಸಾ ಸಿಕ್ಕಿದ್ದು ಇಂಥ ಕಾಗದಗಳಿಂದಲೇ, ಆಗಲೂ ಪಾಸ್‌ಬುಕ್ಕಿನಲ್ಲಿ ಹತ್ತು ಸಾವಿರ ಇರಲಿಲ್ಲ. ಸಿಕ್ಕೇ ಸಿಗುತ್ತೆ ಅಂತ ಹೇಳೋಕಾಗಲ್ಲ. ಸಿಗದಿದ್ದರೆ ಷೆಂಗೆನ್ ನಿಯಮದಂತೆ ಅವರು ಕಾರಣ ಬರೆದು ಕೊಡಬೇಕು, ನಾವು ಮೇಲ್ಮನವಿ ಹಾಕಬಹುದು. 2012ರಲ್ಲಿ ನನಗೆ ಅದು ಗೊತ್ತಿರಲಿಲ್ಲ. ಹಾಳೆ ಹರಿದು ಹಾಕಿದ್ದೆ.

ಹೆಸರಿನ ವಿಷಯ ಮರೆತಿದ್ದೆ. ಪಾಸ್‌ಪೋರ್ಟು ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ಆಹ್ವಾನ ಬರೋ ತನಕ ಕಾಯಬೇಡಿ. ಪಾಸ್‌ಪೋರ್ಟು ಇರೋರು ಕೈ ಎತ್ತಿ ನೋಡೋಣ... ನಾಲ್ಕೇ ಜನ!

ಸರಿ. ನಾಳೆ ಭಾನುವಾರ. ಸೋಮವಾರ ಬ್ಯಾಂಕು ತೆಗೆದ ಕೂಡಲೆ ಪಾಸ್‌ಬುಕ್ ಎಂಟ್ರಿ ಹಾಕಿಸಬೇಕು. ಪ್ರಿನ್ಸಿಪಾಲರಿಗೆ ಕೊಡೋ ಅರ್ಜಿ, ಜಿನೀವಾಕ್ಕೆ ಬರೆಯೋ ಪತ್ರ ಇವತ್ತೇ ಆಗಬೇಕು. ಇಂಗ್ಲಿಷು ನೆಟ್ಟಗೆ ಬರೆಯೋರು ಇಬ್ಬರು ಇಲ್ಲೇ ನಿಲ್ಲಿ. ತಂಗಿ, ನೀನು ಮೊದಲು ಅಪ್ಪನಿಗೆ ಫೋನ್ ಮಾಡು, ಹಸುವಿಗೆ ಯಾರ ಹತ್ರಾನೂ ಮುಂಗಡ ತಗೋಬೇಡಿ ಅಂತ ಹೇಳು.