ಬಿಲಿಯನ್ ಎಂದರೆ ಎಷ್ಟು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಎರಡು ಮಾತು ಆಡು ಎಂದು ಕರೆದಿದ್ದಾರೆ. ನಾನು ಒಂದೇ ಒಂದು ಪದದ ಬಗ್ಗೆ ಮಾತನಾಡುತ್ತೇನೆ. ಆ ಪದ ಬಿಲಿಯನ್.

2000ನೇ ಇಸವಿಯ ಮೇ ತಿಂಗಳಲ್ಲಿ ಭಾರತದ ಜನಸಂಖ್ಯೆ ನೂರು ಕೋಟಿ ಮುಟ್ಟಿತು. ಜೂನ್‌ನಲ್ಲಿ ನಾನು ಇಲ್ಲಿ ಎಂಟನೇ ತರಗತಿಗೆ ಸೇರಿದೆ. ಗಣಿತದ ಮೇಷ್ಟ್ರು, "ಇಂಗ್ಲಿಷ್ ಪೇಪರಿನಲ್ಲಿ ಒಂದು ಬಿಲಿಯನ್ ಎಂದು ಹಾಕಿದ್ದಾರೆ. ಬಿಲಿಯನ್ ಎಂದರೆ ಎಷ್ಟು?" ಎಂದು ಕೇಳಿದರು. ನಾನು ಗ್ರಂಥಾಲಯದ ಹಳೆಯ ನಿಘಂಟು ತೆಗೆದು ನೋಡಿದೆ. ಅದರಲ್ಲಿ 'ಮಿಲಿಯನ್ ಮಿಲಿಯನ್' ಎಂಬ ಅರ್ಥವಿತ್ತು. ಅಂದರೆ ಲಕ್ಷ ಕೋಟಿ! ಹಾಗೇ ಹೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಪೇಪರೂ ಸರಿ, ನಿಘಂಟೂ ಸರಿ. ಪುಸ್ತಕ ಯಾವ ದೇಶದ್ದು, ಯಾವ ಕಾಲದ್ದು ಅಂತ ನೋಡಬೇಕು" ಎಂದರು.

ಆಗ ಅದು ಪೂರ್ತಿ ಅರ್ಥವಾಗಲಿಲ್ಲ. ವಿಷಯ ಇಷ್ಟೇ. ಬಿಲಿಯನ್‌ನಲ್ಲಿರುವ 'ಬಿ' ಎಂದರೆ ಎರಡು. ಮಿಲಿಯನ್ ಅನ್ನು ಮಿಲಿಯನ್‌ನಿಂದ ಗುಣಿಸಿದರೆ ಬಿಲಿಯನ್, ಹನ್ನೆರಡು ಸೊನ್ನೆ. ಇದು ಬ್ರಿಟನ್ನಿನ ಹಳೆಯ ಲೆಕ್ಕ. ಅಮೆರಿಕದವರಿಗೆ ಅದು ಸಾವಿರ ಮಿಲಿಯನ್, ಒಂಬತ್ತು ಸೊನ್ನೆ. ಒಂದೇ ಭಾಷೆ, ಒಂದೇ ಪದ, ಸಾವಿರ ಪಟ್ಟು ವ್ಯತ್ಯಾಸ. ಕೊನೆಗೆ 1974ರಲ್ಲಿ ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್, ಸರ್ಕಾರ ಇನ್ನು ಮುಂದೆ ಅಮೆರಿಕದ ಅರ್ಥವನ್ನೇ ಬಳಸುತ್ತದೆ ಎಂದು ಸಂಸತ್ತಿಗೆ ತಿಳಿಸಿದರು. ನಮ್ಮ ಶಾಲೆ ಆರಂಭವಾದದ್ದೂ ಅದೇ ವರ್ಷ! ನಾನು ನೋಡಿದ ನಿಘಂಟು ಅದಕ್ಕೂ ಹಿಂದಿನದು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಈ ಪದ ಮತ್ತೆ ಎದುರಾಯಿತು. ಜರ್ಮನಿಯ ಗ್ರಾಹಕರೊಬ್ಬರಿಗೆ ಹಣಕಾಸಿನ ವರದಿಯ ತಂತ್ರಾಂಶ ಮಾಡುತ್ತಿದ್ದೆವು. ಸಭೆಯಲ್ಲಿ ಅವರು 'ಮಿಲಿಯಾರ್ಡ್' ಎಂದರು. ನನಗೆ ಗೊತ್ತಾಗಲಿಲ್ಲ. ಕೇಳಿದರೆ ಕನ್ನಡ ಮಾಧ್ಯಮದ ಹುಡುಗ ಎಂದು ನಕ್ಕಾರು ಎಂಬ ಭಯ. ತಲೆಯಾಡಿಸಿದೆ. ಜರ್ಮನ್ ಪರದೆಯಲ್ಲೂ ಬಿಲಿಯನ್ ಎಂದೇ ಹಾಕಿದೆ. ಜರ್ಮನ್ ಭಾಷೆಯಲ್ಲಿ ಒಂಬತ್ತು ಸೊನ್ನೆಗೆ ಮಿಲಿಯಾರ್ಡ್, ಬಿಲಿಯನ್‌ಗೆ ಇಂದಿಗೂ ಹನ್ನೆರಡು ಸೊನ್ನೆ. ಇನ್ನೂರು ಕೋಟಿಯ ಲೆಕ್ಕ ಎರಡು ಲಕ್ಷ ಕೋಟಿಯಾಗಿ ಕಾಣುತ್ತಿತ್ತು. ಗ್ರಾಹಕರಿಗೆ ತಲುಪುವ ಮುನ್ನ ಪರೀಕ್ಷಿಸುವ ಸಹೋದ್ಯೋಗಿ ಹಿಡಿದರು. ಎಲ್ಲ ವರದಿಗಳನ್ನೂ ಮತ್ತೆ ತಿದ್ದಬೇಕಾಯಿತು. ಆ ರಾತ್ರಿ ನೆನಪಾದದ್ದು ಮೇಷ್ಟ್ರ ಮಾತು. ಎಂಟನೇ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಿದ್ದವನು, ಎಂಜಿನಿಯರ್ ಆದ ಮೇಲೆ ಪ್ರಶ್ನೆ ಕೇಳಲು ಹೆದರಿದ್ದೆ.

ಮಕ್ಕಳೇ, ನೆನಪಿಟ್ಟುಕೊಳ್ಳಲು ಸುಲಭ ದಾರಿ ಹೇಳುತ್ತೇನೆ. ಮಿಲಿಯನ್ ಎಂದರೆ ಹತ್ತು ಲಕ್ಷ, ಆರು ಸೊನ್ನೆ. ಇಂದಿನ ಇಂಗ್ಲಿಷಿನ ಬಿಲಿಯನ್ ಎಂದರೆ ನೂರು ಕೋಟಿ, ಒಂಬತ್ತು ಸೊನ್ನೆ. ಮೊಬೈಲ್ ಡೇಟಾದ 'ಜಿಬಿ'ಯಲ್ಲಿರುವ ಗಿಗಾ ಕೂಡ ಬಿಲಿಯನ್ನೇ. ಮಿಲಿಯನ್ ಸೆಕೆಂಡು ಕಳೆಯಲು ಹನ್ನೊಂದೂವರೆ ದಿನ ಸಾಕು. ಬಿಲಿಯನ್ ಸೆಕೆಂಡಿಗೆ ಸುಮಾರು ಮೂವತ್ತೆರಡು ವರ್ಷ ಬೇಕು. ನಮ್ಮ ಶಾಲೆಯ ಐವತ್ತು ವರ್ಷ ಎಂದರೆ ಸುಮಾರು 158 ಕೋಟಿ ಸೆಕೆಂಡು, ಒಂದೂವರೆ ಬಿಲಿಯನ್‌ಗೂ ಹೆಚ್ಚು.

ಅಷ್ಟರಲ್ಲಿ ಒಂದು ನಿಮಿಷ, ಅರವತ್ತೇ ಸೆಕೆಂಡು, ಮೇಷ್ಟ್ರು ನನ್ನ ತಪ್ಪು ಉತ್ತರಕ್ಕೆ ನಗದೆ ಉಳಿದರು. ನನ್ನ ಬದುಕಿನಲ್ಲಿ ಉಳಿದಿರುವುದು ಆ ನಿಮಿಷ. ಗೊತ್ತಿಲ್ಲದ್ದನ್ನು ಕೇಳಿ. ಯಾರಾದರೂ ಕೇಳಿದರೆ ನಗಬೇಡಿ. ಇಷ್ಟನ್ನು ಹೇಳಿ ನನ್ನ ಮಾತು ಮುಗಿಸುತ್ತೇನೆ.

– ಹಳೆಯ ವಿದ್ಯಾರ್ಥಿ (2003ರ ತಂಡ), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್